ಗ್ಯಾರೇಜಿನ ಮೇಲಿನ ಜರ್ಮನಿ

ತಮ್ಮ ಮಾತನ್ನು ಒಪ್ಪಿಕೊಂಡರೆ ಸಿಟ್ಟಾಗುವ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಒಪ್ಪದಿದ್ದರೂ ಸಿಟ್ಟಾಗುತ್ತಿದ್ದರು, ಆ ಮಾತು ಬೇರೆ. ಕೊಟ್ಟೂರಿನಲ್ಲಿ ಕಾಮರ್ಸ್ ಓದಿ ಗೌಸ್ ಸರ್ ಅವರಿಂದ ಒಮ್ಮೆಯೂ ಬೈಸಿಕೊಳ್ಳದವರು ಸಿಗುವುದು ಕಷ್ಟ. ಕುಳ್ಳಗಿನ ಆಳು, ಗರಿಗರಿ ಇಸ್ತ್ರಿ ಶರ್ಟು, ಜೇಬಿನಲ್ಲಿ ಕೆಂಪು ಪೆನ್ನು ಮಾತ್ರ. ವಾದದಲ್ಲಿ ಸೋಲುವ ಹೊತ್ತು ಬಂತೆಂದರೆ ಕನ್ನಡಕ ತೆಗೆದು ಶರ್ಟಿನ ಅಂಚಿನಿಂದ ಒರೆಸತೊಡಗುತ್ತಿದ್ದರು. ಒರೆಸಿ ಮುಗಿಯುವಷ್ಟರಲ್ಲಿ ಅವರಿಗೆ ಹೊಸ ವಾದ ಹೊಳೆದಿರುತ್ತಿತ್ತು.

ಕಾಲೇಜಿನಿಂದ ನಿವೃತ್ತರಾದ ಮೇಲೆ ಒಡಹುಟ್ಟಿದ ತಮ್ಮನ, ಅಂದರೆ ನಮ್ಮೆಲ್ಲರ ಬಾಬು ಚಾಚಾನ, ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದರು. ಕೆಳಗೆ ಬೈಕು, ಸ್ಕೂಟರುಗಳ ರಿಪೇರಿ, ಮೇಲೆ ಅಕೌಂಟೆನ್ಸಿ. ಬಾಬು ಚಾಚಾ ಸೊಟ್ಟಗಾದ ರಿಮ್ಮನ್ನು ಸುತ್ತಿಗೆಯಿಂದ ಬಡಿಯಲು ಕೂತರೆ ನಮ್ಮ ಬೆಂಚು ನಡುಗುತ್ತಿತ್ತು. ಸರ್ ಆ ಸದ್ದಿಗೂ ಮೇಲಾಗಿ ಪಾಠ ಹೇಳುತ್ತಿದ್ದರು, ನಾವು ಆ ಸದ್ದಿಗೂ ಮೇಲಾಗಿ ಉತ್ತರ ಹೇಳಬೇಕಿತ್ತು. ಹಗರಿಬೊಮ್ಮನಹಳ್ಳಿಯ ಬ್ಯಾಂಕಿನಲ್ಲೋ ಹಡಗಲಿಯ ತಾಲೂಕು ಕಚೇರಿಯಲ್ಲೋ ಯಾರಾದರೂ ಕಾರಣವಿಲ್ಲದೆ ಗಂಟಲು ಹರಿದುಕೊಂಡು ಮಾತಾಡುತ್ತಿದ್ದರೆ, ಇವರು ಗೌಸ್ ಸರ್ ಶಿಷ್ಯರು ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಹುದು.

ಆ ಶಿಷ್ಯವರ್ಗದಲ್ಲಿ ಬಾಯಿಲ್ಲದವಳು ನಾನೊಬ್ಬಳೇ. ನಮ್ಮಪ್ಪ ಹರಪನಹಳ್ಳಿ, ತೆಲಿಗಿ ಕಡೆ ಓಡುವ ಬಸ್ಸಿನ ಡ್ರೈವರ್. ಅಮ್ಮ ಅಂಗನವಾಡಿ ಕಾರ್ಯಕರ್ತೆ. ಅಪ್ಪ ದಿನವೆಲ್ಲ ಹಾರ್ನ್ ಕೇಳಿ ಬಂದು ಸುಮ್ಮನೆ ಕೂರುತ್ತಿದ್ದ, ಅಮ್ಮ ದಿನವೆಲ್ಲ ಮಕ್ಕಳ ಅಳು ಕೇಳಿ ಬಂದು ಸುಮ್ಮನೆ ಕೂರುತ್ತಿದ್ದಳು. ಮಾತಿಲ್ಲದ ಮನೆಯಲ್ಲಿ ಬೆಳೆದ ನಾನು ಪರೀಕ್ಷೆಯಲ್ಲಿ ಬರೆದು ತುಂಬಿಸುತ್ತಿದ್ದೆ, ಬಾಯಿಬಿಟ್ಟು ಹೇಳು ಎಂದರೆ ನೆಲ ನೋಡುತ್ತಿದ್ದೆ. ಸುಜಾತಾ ಎಂಬ ನನ್ನ ಹೆಸರು ಬಿಟ್ಟು ಸರ್ ನನ್ನನ್ನು "ಮೂಕವ್ವ" ಎಂದೇ ಕರೆಯುತ್ತಿದ್ದರು.

ಇಂಥ ನನಗೆ ಜರ್ಮನಿಯ ಸಣ್ಣ ಊರೊಂದರಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿತು. ಸರ್ಕಾರದ ವಿದ್ಯಾರ್ಥಿವೇತನವೂ ಬಂತು. ಬಸ್‌ಸ್ಟ್ಯಾಂಡಿನ ಎದುರು ನನ್ನ ಫೋಟೋ ಇದ್ದ ಬ್ಯಾನರ್ ಏರಿತು. ಅದರಲ್ಲಿಯೂ ನಾನು ನೆಲ ನೋಡುತ್ತಿದ್ದೆ. ವಿಶ್ವವಿದ್ಯಾಲಯದವರು ಹೊಸ ವಿದ್ಯಾರ್ಥಿಗಳಿಗಾಗಿ ನಿಯಮಗಳ ಕೈಪಿಡಿ ಕಳಿಸಿದ್ದರು. ಅದನ್ನು ಮೊಬೈಲಿನಲ್ಲಿ ತೋರಿಸಿದೆ, ಅಷ್ಟೇ. ಮರುದಿನ ಹೋಗುವಷ್ಟರಲ್ಲಿ ಸರ್ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೂತಿದ್ದರು.

"ಮೂಕವ್ವಾ, ಇದನ್ನ ಓದಿಯೇನು? ಕ್ಲಾಸಿನಾಗ ಮಾತಾಡಿದ್ರ ಮಾರ್ಕ್ಸ್ ಅಂತ! ಸೆಮಿನಾರಿನಾಗ ಅರ್ಧ ಮಾರ್ಕ್ಸು ಬರೇ ಬಾಯಿಗೆ! ನಾನು ಸರ್ವಿಸಿನುದ್ದಕ್ಕೂ ಮಾತಾಡಿದವ್ರನ್ನ ಹೊರಗ ನಿಲ್ಲಿಸೀನಿ."

"ಬರ್ದು ಪಾಸಾಗ್ತೀನಿ ಸರ್," ಎಂದೆ ಮೆಲ್ಲಗೆ.

"ಹೆಂಗ ಆಗ್ತಿ? ಬಾಯಿ ಮಾರ್ಕ್ಸು ಬರ್ಲಿಲ್ಲ ಅಂದ್ರ ಫೇಲು. ಮೊದಲ್ನೇ ಸೆಮಿಸ್ಟರ್ ಫೇಲಾದ್ರ ಸ್ಕಾಲರ್‌ಶಿಪ್ ಬಂದ್. ಊರ ತುಂಬ ಬ್ಯಾನರ್ ಹಾಕ್ಯಾರ. ಹುಡುಗಿ ಮಾತಾಡ್ಲಿಲ್ಲ ಅಂತ ವಾಪಸ್ ಕಳಿಸಿದ್ರ ಅದನ್ನ ಬಿಚ್ಚೋರು ಯಾರು? ನಿಮ್ಮಪ್ಪನ?"

ಅಪ್ಪ ಬಸ್ಸನ್ನು ನಿಲ್ದಾಣಕ್ಕೆ ತರುವಾಗಲೆಲ್ಲ ಆ ಬ್ಯಾನರಿನ ಹತ್ತಿರ ನಿಧಾನ ಮಾಡುತ್ತಾನೆಂದು ಕಂಡಕ್ಟರ್ ಅಮ್ಮನಿಗೆ ಹೇಳಿದ್ದ. ಅದನ್ನು ಬಿಚ್ಚುವ ಪ್ರಸಂಗ ಬಂದರೆ ನಾನು ಮುಖ ಎತ್ತಿ ಕೊಟ್ಟೂರಿಗೆ ಬರುವಂತಿರಲಿಲ್ಲ.

ಹಾಗೆ ಗ್ಯಾರೇಜಿನ ಮೇಲೆ ಜರ್ಮನಿ ಶುರುವಾಯಿತು. ವಿದ್ಯಾರ್ಥಿನಿ ನಾನೊಬ್ಬಳೇ, ವಿಶ್ವವಿದ್ಯಾಲಯ ಪೂರ್ತಿ ಸರ್ ಒಬ್ಬರೇ.

ಹತ್ತು ಗಂಟೆಯ ಕ್ಲಾಸಿಗೆ ಹತ್ತಕ್ಕೇ ಬಾಗಿಲು ಹಾಕುತ್ತಿದ್ದರು. ಒಂದು ದಿನ ರೈಲ್ವೆ ಗೇಟು ಬಿದ್ದು ಸ್ವಲ್ಪ ತಡವಾಯಿತು. ಬಾಗಿಲ ಹಿಂದಿನಿಂದಲೇ "ಜರ್ಮನಿಯವ್ರು ರೈಲ್ವೆ ಗೇಟ್ ಕೇಳಂಗಿಲ್ಲ!" ಎಂದು ಕೂಗಿ, ಒಳಗೆ ಖಾಲಿ ಬೆಂಚುಗಳಿಗೆ ಪಾಠ ಮಾಡಿದರು. ನಾನು ಕಬ್ಬಿಣದ ಮೆಟ್ಟಿಲ ಮೇಲೆ ಕೂತು ನೋಟ್ಸ್ ಬರೆದುಕೊಂಡೆ.

ಕೈಪಿಡಿಯಲ್ಲಿ, ಪ್ರಾಧ್ಯಾಪಕರನ್ನು ನಿಗದಿಯಾದ ಭೇಟಿಯ ವೇಳೆಯಲ್ಲಿ ಮಾತ್ರ ಕಾಣಬೇಕು ಎಂದಿತ್ತು. ನಮ್ಮಲ್ಲಿ ಮಾಸ್ತರ ಮನೆಗೆ ಹೋಗಲು ಯಾರ ಅಪ್ಪಣೆ ಬೇಕು? ಹೋಗುವುದು, ಅವರು ಸ್ನಾನಕ್ಕೆ ಹೋಗಿದ್ದರೆ ಕಾಯುವುದು, ಕಾಯುವಾಗ ಚಾ ಕುಡಿಯುವುದು. ಸರ್ ಮಾತ್ರ "ಭೇಟಿ: ಮಂಗಳವಾರ ನಾಲ್ಕರಿಂದ ಐದು" ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದರು. ಬುಧವಾರ ಬೆಳಿಗ್ಗೆಯೇ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು.

"ನಿನ್ನೆ ಯಾಕ ಬರ್ಲಿಲ್ಲ?"

"ಕೇಳಾಕ ಏನೂ ಇರ್ಲಿಲ್ಲ ಸರ್."

"ಇರ್ಲಿಲ್ಲ ಅಂದ್ರ? ಐದರ ತನಕ ಕುಂತೀನಿ ನಾನು! ಚಾ ಮಾಡ್ಸಿಟ್ಟಿದ್ದೆ!"

ಮಗದೊಂದು ದಿನ ನಕಲು ಮಾಡುವುದರ ಬಗೆಗಿನ ಅಧ್ಯಾಯಕ್ಕೆ ಬಂದರು. ಮತ್ತೊಬ್ಬರ ವಾಕ್ಯವನ್ನು ಅವರ ಹೆಸರು ಹೇಳದೆ ಬರೆದರೆ ಅದು ಕಳ್ಳತನ, ಕಾಲೇಜಿನಿಂದಲೇ ಹೊರಹಾಕಬಹುದು ಎಂದಿತ್ತು. ಸರ್ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. ಅವರ ನೋಟ್ಸನ್ನು ಕಾಮಾ ಕೂಡ ಬಿಡದೆ ಉರುಹೊಡೆದು ಬರೆದವರಿಗೇ ಅವರು ಜೀವಮಾನವೆಲ್ಲ ಹೆಚ್ಚು ಅಂಕ ಕೊಟ್ಟಿದ್ದರು. ನನಗೂ ಕೊಟ್ಟಿದ್ದರು.

"ಆ ನೋಟ್ಸ್ ನೀವ ಬರ್ದಿದ್ದಲ್ಲೇನು ಸರ್?" ಎಂದೆ ಸಮಾಧಾನ ಮಾಡಲು.

"ಎಲ್ಲಿ ನಾನು? ನಮ್ಮ ಗುರುಗಳ ನೋಟ್ಸದು. ಅವ್ರಿಗೆ ಯಾರು ಕೊಟ್ಟಿದ್ರೋ ಅಲ್ಲಾಗ ಗೊತ್ತು," ಎಂದು ಕನ್ನಡಕ ತೆಗೆದರು. "ಅಂದ್ರ ಜರ್ಮನಿ ಲೆಕ್ಕದಾಗ ಈ ತಾಲೂಕಿನ ಬಿ.ಕಾಂ ಪೂರಾ ಕಳುವಿನ ಮಾಲು."

ಎಲ್ಲಕ್ಕಿಂತ ಕಷ್ಟವಾದದ್ದು ಹೆಸರಿನ ಪಾಠ. ಅದು ಕೈಪಿಡಿಯಲ್ಲಿ ಇರಲೇ ಇಲ್ಲ. ಪರದೇಶದಲ್ಲಿ ವಿದ್ಯಾರ್ಥಿಗಳು ಮಾಸ್ತರರನ್ನು ಹೆಸರು ಹಿಡಿದು ಕರೆಯುತ್ತಾರೆಂದು ಸರ್ ಎಲ್ಲಿಯೋ ಕೇಳಿದ್ದರು. ಎಲ್ಲಿ ಎಂದು ಕೇಳುವ ಧೈರ್ಯ ಯಾರಿಗಿತ್ತು? ಎದುರು ನಿಂತು "ಕರಿ, ಗೌಸ್ ಅಂತ ಕರಿ" ಎಂದು ಹಟ ಹಿಡಿದರು. ನನ್ನ ನಾಲಿಗೆ ಹೊರಳಲಿಲ್ಲ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ "ಗುಡ್ ಮಾರ್ನಿಂಗ್, ಗೌಸ್" ಎಂದೆ. ಅದೇ ಕ್ಷಣಕ್ಕೆ ಅವರ ಹೆಂಡತಿ ಜುಬೇದಾ ಚಾಚಿ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರು.

ಚಾಚಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದರು. "ಯಾ ಅಲ್ಲಾ! ಮದುವಿಯಾದಾಗಿಂದ ನಾನಾ ಆ ಹೆಸ್ರು ಬಾಯಾಗ ತಂದಿಲ್ಲ. ಡ್ರೈವರ್ ಮಗಳು ನಿಂತ್ಕೊಂಡು ಗೌಸ್ ಅಂತಾಳ!"

"ನಾನ ಹೇಳ್ಕೊಟ್ಟಿದ್ದು, ಸುಮ್ನಿರು," ಎಂದರು ಸರ್.

"ನಿಮಗ ಬುದ್ಧಿಯಿಲ್ಲ. ಆಕಿಗೂ ಇಲ್ಲೇನು?"

ತಟ್ಟೆ ಕುಕ್ಕಿದ ರಭಸಕ್ಕೆ ಚೆಲ್ಲದೆ ಉಳಿದದ್ದು ಒಂದೇ ಲೋಟ ಚಹಾ. ಅದು ನನಗೂ ಅಲ್ಲ, ಸರ್‌ಗೂ ಅಲ್ಲ, ಕೆಳಗಿನ ಬಾಬು ಚಾಚಾಗೆ ಹೋಯಿತು.

ಇಷ್ಟೆಲ್ಲ ಆದಮೇಲೆ ಉಳಿದದ್ದು ಎದುರು ಮಾತಾಡುವುದು. ಪ್ರಾಧ್ಯಾಪಕರು ಹೇಳಿದ್ದನ್ನು ಪ್ರಶ್ನಿಸಬೇಕು, ಒಪ್ಪದಿದ್ದರೆ ಹೇಳಬೇಕು, ಕಾರಣ ಕೊಡಬೇಕು ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿಯೇ ಇತ್ತು. ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಸರ್ ಎಂದು ಕೇಳಿದೆ.

"ಇಂಗ್ಲಿಷ್ ಆಮ್ಯಾಲೆ. ಮೊದ್ಲು ಕನ್ನಡದಾಗ ಎದುರು ಮಾತಾಡು. ಮನಿ ಭಾಷಿಯೊಳಗ ಬಾಯಿ ಬಿಡದಾಕಿ ಇಂಗ್ಲಿಷಿನಾಗ ಏನ್ ಬಿಡ್ತಾಳ? ನಾನೊಂದು ತಪ್ಪು ಮಾತು ಹೇಳ್ತೀನಿ. 'ಒಪ್ಪಂಗಿಲ್ಲ ಸರ್' ಅನ್ಬೇಕು. ಕೆಳಗ ಬಾಬುಗ ಕೇಳಿಸ್ಬೇಕು. ಕೇಳಿಸಿದ್ರ ಪಾಸು."

ಕೆಳಗೆ ಬಾಬು ಚಾಚಾ ರಿಮ್ಮು ಬಡಿಯುತ್ತಿದ್ದರು. ಸರ್ ಗಂಟಲು ಸರಿಮಾಡಿಕೊಂಡು, "ಕೊಟ್ಟೂರಿನ ಮಿರ್ಚಿ ಭಜಿಗಿಂತ ಕೂಡ್ಲಿಗಿ ಮಿರ್ಚಿ ಚಲೋ ಇರ್ತಾವು," ಎಂದರು.

"ಒಪ್ಪಂಗಿಲ್ಲ ಸರ್," ಎಂದೆ.

"ಬಾಬೂ, ಕೇಳಿಸ್ತೇನೋ?"

"ಏನೂ ಕೇಳಿಸ್ಲಿಲ್ಲ ಭಾಯಿ!"

ನನ್ನ ಮೇಲೆ ಕರುಣೆ ಬಂದು ಬಾಬು ಚಾಚಾ ಒಮ್ಮೊಮ್ಮೆ ಸುತ್ತಿಗೆ ನಿಲ್ಲಿಸುತ್ತಿದ್ದರು. ಸರ್ ಕಿಟಕಿಯಿಂದ ಬಗ್ಗಿ, "ಯಾಕ ನಿಲ್ಲಿಸ್ದಿ? ಬಡಿಯೋ! ಹುಡುಗಿ ಕಲಿಯಾಕತ್ತಾಳ!" ಎಂದು ಗದರುತ್ತಿದ್ದರು. ಕೊನೆಗೊಂದು ದಿನ, ಅವರು ಹೊಸದಾಗಿ ತಂದಿದ್ದ ಕರೆಂಟಿನ ಸ್ಕೂಟರಿನ ಮಾತು ಬಂತು. ಬಾಬು ಚಾಚಾ ಬೇಡವೆಂದರೂ ಕೇಳದೆ ತಂದ ಗಾಡಿ ಅದು. ಕೋಗಳಿಗೆ ಹೋಗಿ ಬರುವಾಗ ದಾರಿಯಲ್ಲೇ ಕಣ್ಣು ಮುಚ್ಚಿ, ಟಾಟಾ ಏಸ್ ಲಗೇಜ್ ಗಾಡಿಯಲ್ಲಿ ಮಲಗಿಕೊಂಡು ಊರಿಗೆ ಬಂದಿತ್ತು. ಆಮೇಲಿಂದ ಗ್ಯಾರೇಜಿನ ಮೆಟ್ಟಿಲ ಕೆಳಗೇ ಇತ್ತು. ಅದನ್ನು ಹೊಗಳುತ್ತ ಸರ್, "ನನ್ನ ಗಾಡಿ ಈ ಊರಿಗೇ ನಂಬರ್ ಒನ್" ಎಂದರು. ನನಗೆ ಏನಾಯಿತೋ, ಎದೆಯಿಂದ ಬಂತು: "ಒಪ್ಪಂಗಿಲ್ಲ ಸರ್! ಬಾಬು ಚಾಚಾನ ಮಾತು ಕೇಳಿದ್ರ ನೀವು ಟಾಟಾ ಏಸಿನಾಗ ಬರ್ತಿರ್ಲಿಲ್ಲ!"

ಕೆಳಗಿನಿಂದ "ಕೇಳಿಸ್ತು! ಕೇಳಿಸ್ತು!" ಎಂಬ ಜಯಘೋಷ ಬಂತು.

"ಎಷ್ಟು ಸೊಕ್ಕು ನಿಂಗ! ಮಾಸ್ತರಿಗೆ ಎದುರಾಡ್ತಿ?" ಎಂದು ಸರ್ ಕೆಂಪಾಗಿ ಎದ್ದು ನಿಂತರು. ನಾನು ನೆಲ ನೋಡಿದೆ. ಅಷ್ಟರಲ್ಲಿ ಅವರಿಗೇ ಪಾಠದ ನೆನಪಾಗಿ, ಕನ್ನಡಕ ಒರೆಸುತ್ತ ಕೂತರು. "ಚಲೋ ಹೇಳ್ದಿ. ಹತ್ತಕ್ಕೆ ಹತ್ತು. ಆದ್ರ ಗಾಡಿ ವಿಷಯದಾಗ ಹೇಳ್ಬಾರದಿತ್ತು."

ಜರ್ಮನಿಯಲ್ಲಿ ಮೊದಲ ದಿನ ಹತ್ತು ಗಂಟೆಯ ತರಗತಿಗೆ ಮುಂಚೆಯೇ ಹೋಗಿ ಕೂತೆ. ಹತ್ತಾಯಿತು, ಒಬ್ಬರೂ ಇಲ್ಲ. ತಪ್ಪು ಕೋಣೆಗೆ ಬಂದೆನೇ, ಬಾಗಿಲು ಹಾಕಿ ಬೇರೆಲ್ಲೋ ಪಾಠ ಶುರುಮಾಡಿದರೇ ಎಂದು ಅಳುವಂತಾಯಿತು. ಹತ್ತೂಕಾಲಿಗೆ ಎಲ್ಲರೂ ಕಾಫಿ ಹಿಡಿದು ಆರಾಮಾಗಿ ಬಂದರು. ಅಲ್ಲಿ ಹತ್ತು ಎಂದು ಬರೆದಿದ್ದರೆ ಹತ್ತೂಕಾಲು ಎಂದೇ ಅರ್ಥ, ಹಿಂದಿನಿಂದ ಬಂದ ಪದ್ಧತಿಯಂತೆ. ಬಿಳಿ ಗಡ್ಡದ ಪ್ರಾಧ್ಯಾಪಕರು ಒಳಗೆ ಬಂದರು. ನಾನು ಎದ್ದು ನಿಂತು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಸರ್ ಕಲಿಸಿದಂತೆ ಅವರ ಹೆಸರು ಹಿಡಿದು "ಗುಡ್ ಮಾರ್ನಿಂಗ್, ಡೀಟರ್" ಎಂದೆ. ಪಕ್ಕದ ಹುಡುಗಿ ನನ್ನ ತೋಳು ಹಿಡಿದು ಕೂರಿಸಿದಳು. ಆ ದೇಶದಲ್ಲಿ ಪ್ರಾಧ್ಯಾಪಕರನ್ನು ಪದವಿ, ಮನೆತನದ ಹೆಸರು ಸೇರಿಸಿ, ಬಹುವಚನದಲ್ಲಿಯೇ ಮಾತಾಡಿಸಬೇಕಂತೆ.

ಸಂಜೆ ವೀಡಿಯೊ ಕಾಲಿನಲ್ಲಿ ಸರ್‌ಗೆ ಎಲ್ಲವನ್ನೂ ಹೇಳಿದೆ. ಕಾಲು ಗಂಟೆಯ ವಿಷಯ ಅವರು ನಂಬಲೇ ಇಲ್ಲ. "ಜರ್ಮನಿಯವ್ರು? ತಡ? ಸುಳ್ಳು ಹೇಳ್ಬ್ಯಾಡ!" ಎಂದರು. ಹೆಸರಿನ ಪ್ರಸಂಗ ಕೇಳಿ ಮಾತ್ರ ಅವರ ಮುಖ ಅರಳಿತು. "ಅಂದ್ರ ನಮ್ಮಂಥವ್ರ ಅದಾರ ಬಿಡು!" ಎಂದು ಹೆಂಡತಿಯನ್ನು ಕರೆದು ಹೇಳಿದರು. ಪರದೆಯ ಮೂಲೆಯಲ್ಲಿ ಚಾಚಿಯ ಅರ್ಧ ಮುಖ ಕಾಣಿಸಿತು. "ನಾನೇನ್ ಹೇಳಿದ್ದೆ?" ಎಂದಷ್ಟೇ ಹೇಳಿ ಆ ಮುಖ ಮರೆಯಾಯಿತು.

ನಗು ಅಲ್ಲಿಗೇ ಮುಗಿಯಿತು. ಸೆಮಿನಾರಿನಲ್ಲಿ ವಾರಗಳು ಕಳೆದರೂ ನಾನು ಬಾಯಿ ಬಿಡಲಿಲ್ಲ. ಹೇಳಬೇಕೆಂದುಕೊಂಡದ್ದನ್ನು ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ಬೇರೆಯವರು ಹೇಳಿ ಮುಗಿಸಿರುತ್ತಿದ್ದರು. ಪ್ರಾಧ್ಯಾಪಕರು ನನ್ನನ್ನು ಕರೆದು, ಹೀಗೇ ಆದರೆ ಪಾಸು ಮಾಡಲಾಗದು ಎಂದು ಸೌಜನ್ಯದಿಂದಲೇ ಹೇಳಿದರು. ಉಳಿದದ್ದು ಒಂದೇ ತರಗತಿ. ಫೋನಿನಲ್ಲಿ ಸರ್‌ಗೆ ಹೇಳುವಾಗ ಅತ್ತೆ. ಅವರು ಬೈಯಲಿಲ್ಲ. "ಬಾಬು ಕೆಳಗ ಕುಂತಾನ ಅಂತ ತಿಳ್ಕೊ," ಎಂದರು.

ಕೊನೆಯ ತರಗತಿಯಲ್ಲಿ, ಕರೆಂಟಿನ ಸ್ಕೂಟರಿನ ಕಂಪನಿಯೊಂದು ಭಾರತದ ಸಣ್ಣ ಊರುಗಳಿಗೆ ಹೋಗುವ ಬಗ್ಗೆ ಚರ್ಚೆ ಇತ್ತು. ದೊಡ್ಡ ಷೋರೂಮು, ಒಳ್ಳೆಯ ಜಾಹೀರಾತು ಇದ್ದರೆ ಜನ ಕೊಳ್ಳುತ್ತಾರೆ, ಬೀದಿಯ ಗ್ಯಾರೇಜುಗಳಿಂದ ದೂರ ಇರುವುದೇ ಲೇಸು ಎಂದರು ಪ್ರಾಧ್ಯಾಪಕರು. ನನಗೆ ಟಾಟಾ ಏಸಿನಲ್ಲಿ ಮಲಗಿ ಬಂದ ಗಾಡಿ ಕಣ್ಣಿಗೆ ಕಟ್ಟಿತು. ಕಿವಿಯಲ್ಲಿ ಸುತ್ತಿಗೆಯ ಸದ್ದು. ಎದ್ದು ನಿಂತೆ.

"ಒಪ್ಪಂಗಿಲ್ಲ ಸರ್!"

ಅಪ್ಪಟ ಕೊಟ್ಟೂರು ಕನ್ನಡದಲ್ಲಿ, ಗ್ಯಾರೇಜಿಗೆ ಕೇಳಿಸುವಷ್ಟು ಜೋರಾಗಿ. ಮುಂದಿನ ಬೆಂಚಿನವನ ಕಾಫಿ ಚೆಲ್ಲಿತು. ಒಮ್ಮೆ ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಇಂಗ್ಲಿಷ್ ತಾನಾಗಿಯೇ ಬಂತು. ನಮ್ಮೂರಲ್ಲಿ ಗಾಡಿ ಕೊಳ್ಳುವ ಮೊದಲು ಜನ ಜಾಹೀರಾತು ನೋಡುವುದಿಲ್ಲ, ತಮ್ಮ ಮೆಕ್ಯಾನಿಕ್ಕನ ಮುಖ ನೋಡುತ್ತಾರೆ. ಅವನು ಬೇಡ ಎಂದರೆ ಷೋರೂಮು ನೊಣ ಹೊಡೆಯುತ್ತದೆ. ಅವನ ಮಾತು ಮೀರಿ ಕೊಂಡವರ ಗತಿ ಏನಾಯಿತೆಂದು ನನಗೆ ಗೊತ್ತು ಎಂದು ಸರ್ ಅವರ ಸ್ಕೂಟರಿನ ಕಥೆಯನ್ನೂ ಹೇಳಿಬಿಟ್ಟೆ. ಪ್ರಾಧ್ಯಾಪಕರು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ತರಗತಿ ಮುಗಿದಾಗ ಎಲ್ಲರೂ ಬೆರಳಿನ ಗೆಣ್ಣುಗಳಿಂದ ಮೇಜು ಕುಟ್ಟತೊಡಗಿದರು. ನನ್ನನ್ನು ಹೊರಗೆ ಹಾಕುತ್ತಿದ್ದಾರೆಂದುಕೊಂಡು ಚೀಲ ಎತ್ತಿಕೊಂಡೆ. ಪಕ್ಕದ ಹುಡುಗಿ ಮತ್ತೆ ತೋಳು ಹಿಡಿದು ಕೂರಿಸಿದಳು. ಅಲ್ಲಿ ಚಪ್ಪಾಳೆಗೆ ಬದಲು ಮೇಜು ಕುಟ್ಟುತ್ತಾರಂತೆ.

ಪಾಸಾದೆ. ಬ್ಯಾನರ್ ಉಳಿಯಿತು.

"ಜರ್ಮನಿಯಾಗ ನನ್ನ ಗಾಡಿ ಮಾನ ಕಳದ್ಯಾ?" ಎಂದು ಸರ್ ಕೂಗಾಡಿದರು. ಮೇಜು ಕುಟ್ಟುವ ಪದ್ಧತಿ ಮಾತ್ರ ಅವರಿಗೆ ವಿಪರೀತ ಹಿಡಿಸಿತು. ಮರುದಿನದಿಂದಲೇ ಟ್ಯೂಷನ್ನಿನಲ್ಲಿ ಜಾರಿಗೆ ತಂದರು. ಹುಡುಗರು ಬೆಂಚು ಕುಟ್ಟಿದ ರಭಸಕ್ಕೆ ಕೆಳಗೆ ಗಾರೆ ಉದುರಿ, ಬಾಬು ಚಾಚಾ ಕಟ್ಟಡ ಬೀಳುತ್ತಿದೆಯೆಂದು ಗಿರಾಕಿಯನ್ನೂ ಎಳೆದುಕೊಂಡು ಬೀದಿಗೆ ಓಡಿದರಂತೆ.

ಎರಡನೆಯ ವರ್ಷ ಪ್ರಬಂಧ ಬರೆಯಬೇಕಿತ್ತು. ಸಣ್ಣ ಊರಿನ ಮಾರುಕಟ್ಟೆಯಲ್ಲಿ ಮೆಕ್ಯಾನಿಕ್ಕನ ಮಾತೇ ಕಡೆಯ ಮಾತು ಎಂಬುದು ನನ್ನ ವಾದ. ವಿಷಯ ಕೇಳಿದ್ದೇ ಸರ್ ಫೋನಿನಲ್ಲಿಯೇ ಎಗರಿಬಿದ್ದರು. "ನಾನು ಒಪ್ಪಂಗಿಲ್ಲ! ಬಾಬುನ ಮಾತು ಯಾರು ಕೇಳ್ತಾರ? ಒಂದ ಮನಿಯಾಗ ಇದ್ದು ನಾನಾ ಕೇಳಂಗಿಲ್ಲ!"

"ಅದಕ್ಕ ಸರ್ ನಿಮ್ಮ ಗಾಡಿ ಮೆಟ್ಟಿಲ ಕೆಳಗ ನಿಂತೈತಿ," ಎಂದೆ.

ಪರದೆಯಲ್ಲಿ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಹೊಸ ವಾದ ಬರಲಿ ಎಂದು ನಾನು ನಗುತ್ತ ಕಾದೆ. ನೆಟ್‌ವರ್ಕ್ ಹೋಯಿತು. "ನಾಳೆ ಮುಗಿಸೋಣು, ತಯಾರಿ ಮಾಡ್ಕೊಂಡು ಬಾ," ಎಂದು ಮೆಸೇಜ್ ಬಂತು. ಮರುದಿನ ಅವರ ಫೋನ್ ಹತ್ತಲಿಲ್ಲ. ಎದೆನೋವೆಂದು ದಾವಣಗೆರೆಗೆ ಕರೆದೊಯ್ದಿದ್ದರು. ಒಂದು ವಾರದೊಳಗೆ ಅಪ್ಪ ಫೋನ್ ಮಾಡಿದ. ನನ್ನಪ್ಪ ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು.

ಓದು ಮುಗಿಸಿ ಊರಿಗೆ ಬಂದವಳು ಚೀಲ ಇಟ್ಟು ನೇರ ಗ್ಯಾರೇಜಿಗೆ ಹೋದೆ. ಬಾಬು ಚಾಚಾ ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟರು, ಮೇಲೆ ಕೈ ತೋರಿಸಿದರು. ಸ್ಕೂಟರ್ ಮೆಟ್ಟಿಲ ಕೆಳಗೇ ಇತ್ತು, ಒರೆಸಿ ಇಟ್ಟಿದ್ದರು. ಮೇಲಿನ ಕೋಣೆಯಲ್ಲಿ ಜುಬೇದಾ ಚಾಚಿ ಕಸ ಹೊಡೆಯುತ್ತಿದ್ದರು. ನನ್ನನ್ನು ತಬ್ಬಿಕೊಂಡು ಅತ್ತರು, ನಾನೂ ಅತ್ತೆ. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತೆವು.

"ಆಸ್ಪತ್ರಿಯಾಗೂ ಸುಮ್ನಿರ್ಲಿಲ್ಲವ್ವ," ಎಂದರು ಚಾಚಿ. "ಡಾಕ್ಟ್ರು ಮಾತಾಡ್ಬ್ಯಾಡ್ರಿ ಅಂದ್ರ, 'ನಾನು ಒಪ್ಪಂಗಿಲ್ಲ' ಅಂದ್ರು. ನಿನಗೊಂದು ಮಾತು ಹೇಳು ಅಂದಾರ. ನನಗೇನೂ ತಿಳಿಯಂಗಿಲ್ಲ, ಅವ್ರು ಹೇಳಿದಂಗ ಹೇಳ್ತೀನಿ: 'ಸುಜಾತಾ ಬಂದ್ರ ಹೇಳು. ಬಾಬುನ ವಿಷಯದಾಗ ನಾನು ಇನ್ನಾ ಒಪ್ಪಿಲ್ಲ. ಆಕೀನ ಬಂದು ಒಪ್ಪಿಸ್ಬೇಕು.'"

ಎದ್ದು ಅವರ ಖಾಲಿ ಕುರ್ಚಿಯ ಮುಂದೆ ನಿಂತೆ. ಎರಡು ವರ್ಷ ದೊಡ್ಡ ದೊಡ್ಡವರ ಮುಂದೆ ವಾದ ಮಾಡಿ ಬಂದವಳು ನಾನು. "ಒಪ್ಪಂಗಿಲ್ಲ ಸರ್," ಎಂದೆ. ಮೊದಲ ದಿನದ ಧ್ವನಿಯೇ ಬಂತು, ನನಗೇ ಸರಿಯಾಗಿ ಕೇಳಲಿಲ್ಲ.

ಕೆಳಗೆ ಬಾಬು ಚಾಚಾ ರಿಮ್ಮು ಬಡಿಯತೊಡಗಿದರು. ಅಂಗಡಿ ಮುಂದೆ ಆಗ ರಿಪೇರಿಗೆ ಬಂದ ಒಂದು ಗಾಡಿಯೂ ಇರಲಿಲ್ಲ.

"ಕೇಳಿಸ್ಲಿಲ್ಲ!" ಎಂದು ಕೆಳಗಿನಿಂದ ಕೂಗಿದರು.

ಕುರ್ಚಿಯ ಬೆನ್ನು ಹಿಡಿದುಕೊಂಡು, ಸುತ್ತಿಗೆಗೂ ಮೇಲಾಗಿ, ಬೀದಿಯ ಜನ ತಿರುಗಿ ನೋಡುವಂತೆ ಕೂಗಿದೆ. ಸುತ್ತಿಗೆ ನಿಂತಿತು.

"ಕೇಳಿಸ್ತು," ಎಂದರು ಬಾಬು ಚಾಚಾ.